ಬರಿಗೈಯಲ್ಲಿ ಕೇಳದ ಡೆಲ್ಫೀನ್

ಕಡಾಯಿಯಲ್ಲಿ ಅಕ್ಕಿ ಮಗುಚುವ ಮರದ ಹುಟ್ಟು ಆಡುತ್ತಲೇ ಇದೆ. ಒಂದು ಗಳಿಗೆ ಕೈ ನಿಂತರೂ ಅಕ್ಕಿ ಸೀದುಹೋಗುತ್ತದೆ. ಸೂರ್ಯ ಇನ್ನೂ ಪೈನ್ ಮರಗಳ ಹಿಂದೆಯೇ ಇದ್ದಾನೆ. ಸೌದೆಯ ಹೊಗೆ ಕಣ್ಣಿಗೆ ಬಂದಾಗಲೆಲ್ಲ ಡೆಲ್ಫೀನ್ ಸೂಲಿಯೆ ಇನ್ನೊಂದು ಮಗ್ಗುಲಿಗೆ ಸರಿಯುತ್ತಾರೆ, ಹೊಗೆಯೂ ಹಿಂದೆಯೇ ಬರುತ್ತದೆ.

"ನನ್ನ ಕಂಡ್ರೆ ಎಷ್ಟ್ ಆಸೆ ನೋಡಿ ಇದಕ್ಕೆ. ಕಟ್ಕೊಂಡೋನಿಗೂ ಇಷ್ಟ್ ಇರ್ಲಿಲ್ಲ!"

"ಅಕ್ಕ, ಮಾತು ಸಾಕು, ಕಾಳು ನೋಡು," ಎಂದು ಪಕ್ಕದ ಗುಳಿಯಿಂದ ಕೂಗುತ್ತಾನೆ ಚಿಕ್ಕಪ್ಪನ ಮಗ ಆರ್ವಿಲ್. ಹುರಿದ ಅಕ್ಕಿಯನ್ನು ಮೆತ್ತನೆಯ ತೊಗಲಿನ ಪಾದರಕ್ಷೆ ತೊಟ್ಟು ತುಳಿದು ಹೊಟ್ಟು ಬಿಡಿಸುವುದು ಅವನ ಪಾಲಿನ ಕೆಲಸ.

"ನೀನು ತುಳಿಯೋದನ್ನ ನೋಡ್ಕೋ. ಕರಡಿ ಕುಣಿದ ಹಾಗಿದೆ."

ಬಾಗು ಸರೋವರದ ಓಜಿಬ್ವೆ ಜನರ, ಉತ್ತರ ಅಮೆರಿಕದ ಮೂಲನಿವಾಸಿಗಳ, ಊರಿನಲ್ಲಿ ಎಪ್ಪತ್ತು ದಾಟಿದ ಈ ಹೆಂಗಸಿನ ಹೆಸರು ಯಾವ ಫಲಕದಲ್ಲೂ ಇಲ್ಲ. ಆದರೆ ನೀರಿನಲ್ಲಿ ತಾನಾಗಿ ಬೆಳೆಯುವ ಮನೂಮಿನ್ ಅಕ್ಕಿ ಬಲಿತಿದೆಯೇ ಎಂದು ತೆನೆ ಮುಟ್ಟಿ ನೋಡಿ, "ದೋಣಿ ಇಳಿಸಿ" ಎನ್ನುವವರು ಇವರೇ. ಅಲ್ಲಿಯವರೆಗೆ ಯಾರೂ ತೆನೆ ಬಡಿಯುವ ಕೋಲು ಎತ್ತುವುದಿಲ್ಲ. ಊರಿನ ಹಸಿ ಅಕ್ಕಿಯೆಲ್ಲ ಕೊನೆಗೆ ಇವರ ಅಂಗಳಕ್ಕೇ ಬರುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ನಾಲ್ಕೈದು ಮೂಟೆ ಹುರಿದದ್ದುಂಟು. ಹುಟ್ಟು ಅಜ್ಜಿಯ ಕೈಯಿಂದ ಬಂದದ್ದು. ನಡುವೆ ಶಾಲೆಯಲ್ಲಿ ಅಡುಗೆ ಮಾಡಿದರು, ಗಂಡನನ್ನು ಕಳೆದುಕೊಂಡರು, ಮೂರು ಮಕ್ಕಳನ್ನು ದಡ ಮುಟ್ಟಿಸಿದರು.

ಕಳೆದ ಮೂರು ವರ್ಷ ಮಾತ್ರ ಕಡಾಯಿಗೆ ಈ ಸರೋವರದ ಕಾಳು ಬೀಳಲಿಲ್ಲ. ಜೂನ್ ತಿಂಗಳಲ್ಲಿ ಎಳೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ. ಆಗಲೇ, ಬೇಸಿಗೆ ಕಳೆಯಲು ಬರುವ ಹೊರಗಿನವರ ಮೋಟಾರು ದೋಣಿಗೆಂದು, ಮಂಡಳಿಯವರು ಅಣೆಗೆ ಹಲಗೆ ಏರಿಸಿ ನೀರು ನಿಲ್ಲಿಸಿದರು. ಪೈರು ಬೇರುಸಮೇತ ಕಿತ್ತು ತೇಲಿಹೋಯಿತು. ಸರೋವರ ಈ ಜನರಿಗೆಂದು ಮೀಸಲಿಟ್ಟ ನೆಲದ ಆಚೆಗಿದೆ, ನಿಜ. ಆದರೆ ಆಚೆಯ ಆ ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ ದಿನ ಹಿರಿಯರು ಮೀನು, ಬೇಟೆ, ಅಕ್ಕಿಯ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಒಪ್ಪಂದದಲ್ಲೇ ಹಾಗಿದೆ.

ಹಲಗೆ ಏರಿಸಬೇಡಿ ಎಂದು ಅಣೆಯ ಮಂಡಳಿಗೆ ಊರಿನ ಪರವಾಗಿ ಪತ್ರ ಸಿದ್ಧವಾಗಿ ಎರಡು ವರ್ಷವಾಯಿತು. ಬರೆದವಳು ವಕೀಲೆಯಾದ ಸೋದರಸೊಸೆ ನೋರೀನ್. ಡೆಲ್ಫೀನ್ ಸಹಿ ಹಾಕಿ ಕಳಿಸಬೇಕೆಂದು ಊರು ಹೇಳಿತು. ಅವರು ಕಳಿಸಲಿಲ್ಲ. ಇಲ್ಲಿ ಯಾರೂ ಬರಿಗೈಯಲ್ಲಿ ಏನನ್ನೂ ಕೇಳುವುದಿಲ್ಲ. ಮೊದಲು ಹೊಗೆಸೊಪ್ಪೋ ಊಟವೋ ಕೊಟ್ಟು, ಆಮೇಲೆ ಮಾತು. ಸರೋವರದ ಮಾತಾಡುವುದಾದರೆ ಸರೋವರದ ಅಕ್ಕಿಯೇ ಜೊತೆಗೆ ಹೋಗಬೇಕು ಎಂಬುದು ಅವರ ಹಟ. ಅಕ್ಕಿಯೇ ಇರಲಿಲ್ಲ.

"ಅತ್ತೆ, ಹಕ್ಕು ಕೇಳೋಕೆ ಉಡುಗೊರೆ ಯಾಕೆ?" ಎಂದು ನೋರೀನ್ ಈಗಲೂ ಗೊಣಗುತ್ತಾಳೆ. "ಮಂಡಳಿ ಈ ತಿಂಗಳ ಕೊನೇಲಿ ನೀರಿನ ಮಟ್ಟ ತೀರ್ಮಾನ ಮಾಡುತ್ತೆ. ನೀನ್ ಹಿಂಗೇ ಕೂತ್ರೆ ಮುಂದಿನ ಜೂನೂ ಮುಳುಗುತ್ತೆ."

"ಹಕ್ಕು ನಮ್ದೇ ಕಣೇ. ಹಾಗಂತ ಬಾಗಿಲು ಒದ್ಕೊಂಡು ಹೋಗೋದಾ? ಒಂದ್ಸಲ ತಿಂದ್ ನೋಡ್ಲಿ. ಮುಳುಗಿಸ್ತಿರೋದು ಏನು ಅಂತ ಗೊತ್ತಾಗ್ಲಿ."

ಈ ವರ್ಷ ಹಿಮ ಕಡಿಮೆ ಬಿದ್ದು, ಹಲಗೆ ಏರಿಸಿದರೂ ನೀರು ಏರಲಿಲ್ಲ. ಪೂರ್ವದ ಮೂಲೆಯಲ್ಲಿ ಒಂದು ಪಟ್ಟಿ ಪೈರು ತಲೆಯೆತ್ತಿತು. ಆರ್ವಿಲ್ ಗಣೆಯೂರಿ ದೋಣಿ ನಡೆಸಿದ, ಇವರು ತೆನೆ ಬಾಗಿಸಿ ಮೆಲ್ಲಗೆ ಬಡಿದರು. ನೀರಿಗೆ ಉದುರಿದ್ದು ಮುಂದಿನ ಬೀಜಕ್ಕೆ, ದೋಣಿಗೆ ಬಿದ್ದದ್ದು ಒಂದೇ ಮೂಟೆ. ಮೊದಲ ಕಡಾಯಿಯದನ್ನು ನಿನ್ನೆ ಊರೆಲ್ಲ ಕೂತು ಹಂಚಿಕೊಂಡು ಉಂಡಿತು. ಇವತ್ತಿನದರಲ್ಲಿ ಒಂದು ಪಾಲು ಮಂಡಳಿಗೆ.

ಅಕ್ಕಿ ಕೇರಿ, ಪೊಟ್ಟಣ ಕಟ್ಟಿ, ಸಹಿ ಹಾಕುವಷ್ಟರಲ್ಲಿ ಮಧ್ಯಾಹ್ನ. ಅಂಚೆ ಕಚೇರಿಯ ಹುಡುಗಿ ಪೊಟ್ಟಣ ಅಲುಗಿಸಿ ನೋಡುತ್ತಾಳೆ. "ಏನಜ್ಜಿ, ಒಳಗೆ ಜರಜರ ಅಂತಿದೆ?"

"ಏಳು ಜನಕ್ಕೆ ಒಂದೊತ್ತಿನ ಊಟ. ಮಂಡಳೀಲಿ ಅಷ್ಟೇ ಜನ ಇರೋದು."

ಮೊಹರು ಬೀಳುತ್ತದೆ. ಪೊಟ್ಟಣ ಚೀಲಕ್ಕೆ ಇಳಿಯುತ್ತದೆ. "ಅಬ್ಬಾ, ಅಂತೂ!" ಎಂದು ನೋರೀನ್ ಗೋಡೆಗೆ ಒರಗುತ್ತಾಳೆ.

"ನಿನ್ ಪತ್ರದ ಕೆಳಗೆ ನಾನೂ ಎರಡು ಸಾಲು ಸೇರಿಸಿದೀನಿ," ಎನ್ನುತ್ತಾರೆ ಡೆಲ್ಫೀನ್.

"ಏನಂತ?" ವಕೀಲೆಯ ಮುಖ ಬಿಳಿಚುತ್ತದೆ.

"ಬೇಯಿಸೋದು ಹೇಗೆ ಅಂತ. ಪಾಪ, ಇಷ್ಟ್ ಒಳ್ಳೆ ಅಕ್ಕಿ ಕೆಡಿಸ್ಕೊಂಡಾರು."