ಎಡಗಡೆಯ ಕಿಟಕಿ

ಮೊನ್ನೆ ವಿಮಾನ ಇಳಿಯುವ ಮೊದಲು ಕಿಟಕಿಗಳ ಪ್ಲಾಸ್ಟಿಕ್ ಮುಚ್ಚಳಗಳು ಒಂದರ ಹಿಂದೊಂದು ಸರಿದ ಸದ್ದಿಗೆ, ವಿನೋಬನಗರದ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು. ಮಂಡಕ್ಕಿ ಅಂಗಡಿ ನಡೆಸುತ್ತಿದ್ದ ಅವರಿಗೆ ಒಬ್ಬನೇ ಮಗ. ಉತ್ತರದ ಒಂದು ಊರಿನಲ್ಲಿ, ಸೇನೆಯ ವಿಮಾನಗಳೂ ಪ್ರಯಾಣಿಕರ ವಿಮಾನಗಳೂ ಒಂದೇ ರನ್‌ವೇ ಹಂಚಿಕೊಂಡಿದ್ದ ನಿಲ್ದಾಣದಲ್ಲಿ ಅವನು ಕಾವಲಿನ ಸೈನಿಕನಾಗಿದ್ದ.

ಆ ಊರಿನ ವಿಚಾರಗೋಷ್ಠಿಗೆ ನಾನು ಹೊರಟಾಗ, ಮಗನನ್ನು ಕಾಣಲು ಅಕ್ಕನೂ ಜೊತೆಗೂಡಿದರು. ಮುನ್ನಾದಿನ ಅವನ ಫೋನು ಬಂತು. ತುಕಡಿಗೆ ಗಡಿಯತ್ತ ಸಾಗುವ ಆದೇಶವಾಗಿತ್ತು; ನಮ್ಮ ವಿಮಾನ ಇಳಿಯುತ್ತಿದ್ದಂತೆ ಅವನು ಲಾರಿ ಹತ್ತಬೇಕಿತ್ತು.

"ಭೇಟಿ ಆಗಲ್ಲವ್ವ. ಲಾರಿ ಹತ್ತೋತನಕ ಬೇಲಿ ಹತ್ರ ನನ್ ಪಾಳಿ ಐತೆ. ಇಳಿವಾಗ ಎಡಗಡೆ ನೋಡು, ಕೈ ಬೀಸ್ತೀನಿ."

ಅಷ್ಟಕ್ಕಾಗಿಯೇ ಅಕ್ಕ ಬಂದರು. ಎಡಗಡೆಯ ಕಿಟಕಿಯನ್ನೇ ಕೇಳಿ ಪಡೆದು ಕುಳಿತರು. "ಹರಿಹರದಾಗ ಕೈ ಬೀಸಿದ್ರೆ ಬಸ್ಸು ನಿಲ್ತೈತೆ. ಇದೂ ನಿಂತುಬಿಟ್ರೆ ಹೆಂಗೆ ತಮ್ಮಾ?" ಎಂದು ನಕ್ಕರು.

ವಿಮಾನ ಇಳಿಯತೊಡಗಿದಾಗ ಘೋಷಣೆಯಾಯಿತು: ಇದು ಸೇನೆಯ ನಿಲ್ದಾಣ, ಕಿಟಕಿಗಳನ್ನು ಮುಚ್ಚಿ. ಸದಾ ರೈಲಿನಲ್ಲೇ ಓಡಾಡಿದ್ದ ಮಗನಿಗೆ ಈ ನಿಯಮ ತಿಳಿದಿರಲಿಲ್ಲ.

ಕಾಲೇಜಿನ ಚರ್ಚಾ ವೇದಿಕೆಗಳಲ್ಲಿ ಪಳಗಿದ್ದ ನಾನು ಗಗನಸಖಿಯೊಡನೆ ವಾದಕ್ಕಿಳಿದೆ. ತಾಯಿಯೊಬ್ಬಳ ಒಂದು ನೋಟದಿಂದ ದೇಶದ ಯಾವ ಭದ್ರತೆಗೆ ಭಂಗವಾದೀತು ಎಂದು ಕೇಳಿದೆ. ಅಕ್ಕ ನನ್ನ ತೋಳು ಹಿಡಿದರು.

"ಸುಮ್ನಿರು ತಮ್ಮ. ಯಾರೂ ನೋಡಬಾರ್ದು ಅಂತ ತಾನೇ ನನ್ ಮಗ ಬಿಸಿಲಾಗ ನಿಂತಿರಾದು? ನಾನೇ ಇಣುಕಿದ್ರೆ ಹೆಂಗೆ?"

ತಾವೇ ಮುಚ್ಚಳ ಎಳೆದರು. ಚಕ್ರಗಳು ನೆಲ ಮುಟ್ಟುವಾಗ, ಮುಚ್ಚಿದ ಆ ಕಿಟಕಿಯತ್ತ ಮೆಲ್ಲಗೆ ಕೈ ಬೀಸಿದರು...

ಸಂಜೆ ದಾರಿಯಿಂದ ಅವನು ಫೋನು ಮಾಡಿದ. "ಕಂಡ್ನೇನವ್ವ?"

"ಕಂಡ್ಯಪ್ಪ. ಭಾಳ ಸೊರಗೀಯಲ್ಲೋ."

ಅವನ ದನಿಯನ್ನು ಅಕ್ಕ ಮತ್ತೆ ಕೇಳಲಿಲ್ಲ. ಕೆಲವು ವಾರಗಳ ಬಳಿಕ ಅವರ ಹುಟ್ಟೂರು ಕೊಕ್ಕನೂರಿನ ಹೊಲಕ್ಕೆ, ಧ್ವಜ ಹೊದಿಸಿದ ಪೆಟ್ಟಿಗೆ ಬಂತು. ಮುಖ ನೋಡುವ ಸ್ಥಿತಿಯಲ್ಲಿಲ್ಲ, ಮುಚ್ಚಳ ತೆಗೆಯುವುದು ಬೇಡ ಎಂದು ಜೊತೆಗೆ ಬಂದಿದ್ದ ಅಧಿಕಾರಿ ತಲೆ ತಗ್ಗಿಸಿ ಹೇಳಿದರು. ಊರಿನವರು ಗದ್ದಲ ಮಾಡಿದರು. ಅಕ್ಕ ಮಾತ್ರ ವಾದಿಸಲಿಲ್ಲ. ಪೆಟ್ಟಿಗೆಯ ಎಡಗಡೆಗೆ ಹೋಗಿ ಕುಳಿತರು.

ಈಗ ಅಕ್ಕನೂ ಇಲ್ಲ. ಅರ್ಥ ಕಳೆದುಕೊಂಡ ನಿಯಮಗಳನ್ನು ಪ್ರಶ್ನಿಸಲೇಬೇಕೆಂದು ನಾನು ಇಂದಿಗೂ ನಂಬುತ್ತೇನೆ, ವೇದಿಕೆಗಳಲ್ಲಿ ಹಾಗೆಯೇ ಹೇಳುತ್ತೇನೆ. ಆದರೆ ಮೊನ್ನೆ ಮತ್ತೆ ಅದೇ ಘೋಷಣೆಯಾದಾಗ ನನ್ನ ಕಿಟಕಿಯನ್ನು ನಾನೇ ಮುಚ್ಚಿದೆ. ಕೆಳಗೆ ಬೇಲಿಯ ಹತ್ತಿರ, ಯಾರಾದರೂ ಕೈ ಬೀಸುತ್ತಿದ್ದರೋ ಏನೋ...