ಉಪ್ಪು ಸವರಿದ ನಿಂಬೆಹೋಳು

ಭದ್ರಾವತಿಯ ಷಣ್ಮುಖಪ್ಪ ಇಪ್ಪತ್ತಾರು ವರ್ಷ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವರು. ಅಲ್ಲಿ ಬಾಯಿ ಒಣಗಿದರೆ ಉಪ್ಪು ಸವರಿದ ನಿಂಬೆಹೋಳು ಚೀಪಿ, ಮೇಲೊಂದು ಚೊಂಬು ನೀರು ಕುಡಿಯುವುದು ಎಲ್ಲರ ವಾಡಿಕೆ. 2002ರಲ್ಲಿ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ದಿನಕ್ಕೆ ಮೂರೇ ಲೋಟ ನೀರು ಎಂದು ವೈದ್ಯರು ಹೇಳಿದ್ದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು.

ಹೆಂಡತಿ ವೀರಮ್ಮ ಗಂಡನಿಗೆ ಕೇಳಿದಷ್ಟು ನೀರು ಕೊಡುವಂತಿಲ್ಲ, ಸುಮ್ಮನೆ ನೋಡುತ್ತ ಕೂರಲೂ ಆಗದು. ಕುಲುಮೆಯ ವಾಡಿಕೆಯನ್ನೇ ನೆನೆದು ನಿಂಬೆಹೋಳಿಗೆ ಉಪ್ಪು ಸವರಿ ಕೊಡತೊಡಗಿದರು. ಗಳಿಗೆ ಹೊತ್ತು ಬಾಯಲ್ಲಿ ನೀರೂರುತ್ತಿತ್ತು, ಆಮೇಲೆ ದಾಹ ಇಮ್ಮಡಿಯಾಗುತ್ತಿತ್ತು. ತಡೆಯಲಾರದೆ ಷಣ್ಮುಖಪ್ಪ ಕದ್ದು ನೀರು ಕುಡಿದರು. ಒಂದು ಸೋಮವಾರ ಅವರು ಏದುಸಿರು ಬಿಡುತ್ತ ಆಸ್ಪತ್ರೆಯ ತಕ್ಕಡಿ ಹತ್ತಿದಾಗ ತೂಕ ನಾಲ್ಕು ಕಿಲೋ ಏರಿತ್ತು.

"ಉಪ್ಪಿಂದ್ಲೇ ಬಾಯಾರೋದು, ಅಮ್ಮಾ! ಬೆವರು ಸುರಿಸೋರಿಗೆ ಅದು ಸರಿ, ಇವರಿಗಲ್ಲ," ಎಂದರು, ವೀರಮ್ಮನಿಂದ ನಿಂಬೆಹೋಳಿನ ಸಂಗತಿ ಕೇಳಿ ತಿಳಿದ ನರ್ಸ್ ಮುಸರ್ರತ್. "ತಣ್ಣೀರಲ್ಲಿ ಬಾಯಿ ಮುಕ್ಕಳಿಸಿ ಉಗುಳ್ಸಿ. ಇನ್ನೊಂದ್ಸಲ ಹಿಂಗೆ ನೀರು ತುಂಬಿದ್ರೆ ಎದೆ ತಡೆಯಲ್ಲ."

"ನಾನೇ ಕೈಯಾರೆ ಕೊಟ್ಟೆನಲ್ಲ ಸಿಸ್ಟರ್..."

"ಅಳಬೇಡ ಮಾರಾಯ್ತಿ. ಕಣ್ಣೀರೂ ನಂಗೆ ಕುಡಿಯೋಣ ಅನ್ಸತ್ತೆ," ಎಂದು ಷಣ್ಮುಖಪ್ಪ ನಗಲು ನೋಡಿದರು. ಬಿರುಕುಬಿಟ್ಟ ತುಟಿ ಉರಿಯಿತು.

ಮರುದಿನ ಮನೆಯಲ್ಲಿ ವೀರಮ್ಮ ಅವರ ಕೈಗೆ ಲೋಟ ಕೊಟ್ಟು, ಬೋಗುಣಿ ಹಿಡಿದು ಎದುರು ಕೂತರು. ಷಣ್ಮುಖಪ್ಪ ಬಾಯಿ ಮುಕ್ಕಳಿಸಿದರು, ಆದರೆ ಉಗುಳಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಹೆಂಡತಿಯ ಮುಖ ನೋಡಿದರು.

"ಉಗುಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು ವೀರಮ್ಮ.

ಅವರು ಕಣ್ಣು ಮುಚ್ಚಿಕೊಂಡು ನುಂಗಿದರು.