ಡ್ರೆಸಿಂಗ್ ಅಕ್ಕನ ‘ದೋರೆ’ಗೆ ಜಾಗವಿಲ್ಲ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ ಅಕ್ಕ ಬಿಸಿನೀರಿನ ನಲ್ಲಿಗೆ ಕೈಯೊಡ್ಡಿ ನಿಂತಿದ್ದಾರೆ. ತೊಳೆಯುವುದು ಆಗಲೇ ಮುಗಿದಿದೆ, ಈಗ ಬೆರಳು ಕಾಯಿಸಿಕೊಳ್ಳುತ್ತಿದ್ದಾರೆ. ತಣ್ಣನೆ ಕೈ ತಾಗಿದರೆ ಮಗು ಕುತ್ತಿಗೆ ಬಿಗಿಹಿಡಿಯುತ್ತದೆ, ಆಮೇಲೆ ಒಳಗೇನಿದೆಯೆಂದು ತಿಳಿಯುವುದಿಲ್ಲ. ಮೇಜಿನ ಮೇಲೆ ಕುಳಿತ ನಾಲ್ಕು ವರ್ಷದ ಹುಡುಗಿಯನ್ನು ಅವರು, ಮೊದಲು ಗೊಂಬೆಯದು ನೋಡಲೋ ನಿನ್ನದು ನೋಡಲೋ ಎಂದು ಕೇಳುತ್ತಾರೆ. ಹುಡುಗಿ ಯೋಚಿಸಿ ಗೊಂಬೆಯನ್ನು ಮುಂದಕ್ಕೆ ನೂಕುವಷ್ಟರಲ್ಲಿ ಗಾಯದ ಹಳೆಯ ಪಟ್ಟಿ ಈಚೆ ಬಂದಿರುತ್ತದೆ.

ಇಪ್ಪತ್ತೆರಡು ವರ್ಷದಿಂದ ಇದೇ ಕೋಣೆ. ಚಳಿಗಾಲದಲ್ಲಿ ದಿನಕ್ಕೆ ಹದಿನೈದು ಪುಟ್ಟ ಕುತ್ತಿಗೆಗಳು. ಗಂಟಲಿನಿಂದಲೋ ಹುಳುಕು ಹಲ್ಲಿನಿಂದಲೋ ತಲೆಯ ಹುಣ್ಣಿನಿಂದಲೋ ಸೋಂಕು ಇಳಿದು ಕುತ್ತಿಗೆಯ ಗ್ರಂಥಿ ಊದಿಕೊಳ್ಳುತ್ತದೆ. ಹೆಚ್ಚಿನವು ಔಷಧಿಗೆ ಕರಗುತ್ತವೆ, ಕೆಲವು ಕೀವು ತುಂಬಿ ಕೊಯ್ಯಿಸಿಕೊಳ್ಳುತ್ತವೆ. ಅಕ್ಕ ಎರಡು ಬೆರಳಿಟ್ಟು, ಒಂದನ್ನು ಮೆಲ್ಲಗೆ ಒತ್ತಿ ಇನ್ನೊಂದರಿಂದ ಆಲಿಸುತ್ತಾರೆ. ಗಟ್ಟಿಯಿದ್ದರೆ ಕಾಯಿ, ಕೀವು ತುಳುಕಿದರೆ ಹಣ್ಣು. ಎರಡರ ನಡುವೆ, ಗಟ್ಟಿಯ ಒಳಗೆಲ್ಲೋ ಮೆತ್ತಗಾಗುತ್ತಿದ್ದರೆ ದೋರೆ. ದೋರೆ ಎಂದರೆ ಮನೆಗೆ ಕಳಿಸಬೇಡಿ, ಸ್ಕ್ಯಾನ್ ಮಾಡಿಸಿ, ಸಂಜೆ ಮತ್ತೆ ಮುಟ್ಟಿ ನೋಡಿ ಎಂದರ್ಥ. ಹಳೆಯ ವೈದ್ಯರಿಗೆಲ್ಲ ಈ ಮಾತು ಗೊತ್ತಿತ್ತು.

ಕಂಪ್ಯೂಟರಿಗೆ ಗೊತ್ತಿಲ್ಲ. ಹೊಸ ನಮೂನೆಯಲ್ಲಿ ‘ಕೀವು’ ಎಂಬುದರ ಮುಂದೆ ಎರಡೇ ಚೌಕ: ಇದೆ, ಇಲ್ಲ. ಇದೆ ಎಂದರೆ ಕೊಯ್ಯಲು, ಇಲ್ಲ ಎಂದರೆ ಮನೆಗೆ. ಎರಡು ವಾರದ ಹಿಂದೆ ಇದೇ ಹುಡುಗಿಯನ್ನು ಮುಟ್ಟಿ ಅಕ್ಕ ದೋರೆ ಎಂದರು. ನಮೂನೆ ತುಂಬುವ ಗುಮಾಸ್ತ, ಅಂಥದ್ದು ಇದರಲ್ಲಿಲ್ಲ, ಇದೆಯೋ ಇಲ್ಲವೋ ಅಷ್ಟು ಹೇಳಿ ಎಂದ. ಇವರು ಮತ್ತೆ ದೋರೆ ಎಂದರು. ಅವನು ‘ಇಲ್ಲ’ ಒತ್ತಿದ. ಹೊಸ ವೈದ್ಯರು ಪರದೆ ನೋಡಿದರು, ಮಗುವಿನ ಕುತ್ತಿಗೆ ನೋಡಲು ಪುರುಸೊತ್ತಾಗಲಿಲ್ಲ. ಸಿರಪ್ ಬರೆದು, ವಾರ ಬಿಟ್ಟು ಬನ್ನಿ ಎಂದು ಸಾಗಹಾಕಿದರು.

ನಾಲ್ಕನೇ ದಿನ ಅಪ್ಪ ಅವಳನ್ನು ಹೊತ್ತು ತಂದ. ಕತ್ತು ಒಂದೇ ಕಡೆ ವಾಲಿತ್ತು, ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿತ್ತು. ನೇರ ಆಪರೇಷನ್ ಕೋಣೆಗೆ ಒಯ್ದರು. ಮಗು ಉಳಿದದ್ದು ಪುಣ್ಯ.

“ಮೊದಲ ದಿನಾನೇ ಈಯಮ್ಮ ಬಾಗಿಲ ತನಕ ಬಂದು ಹೋಗ್ಬೇಡಿ ಅಂದ್ರು. ಡಾಕ್ಟ್ರೇ ಹೋಗಿ ಅಂದ್ಮೇಲೆ ನಾನು ಯಾರ ಮಾತು ಕೇಳ್ಲಿ?” ಎನ್ನುತ್ತಾರೆ ಹುಡುಗಿಯ ತಾಯಿ.

ಇನ್ನು ವಿಚಾರಣೆ. ಹೊಟ್ಟೆ ಉರಿಯುವುದು ಇಲ್ಲೇ. ನಮೂನೆ ಮಾಡಿದವರನ್ನು ಯಾರೂ ಕೇಳಲಿಲ್ಲ, ಮುಟ್ಟದೆ ಕಳಿಸಿದವರನ್ನೂ ಕೇಳಲಿಲ್ಲ. ನೋಟಿಸು ಬಂದದ್ದು ಅಕ್ಕನಿಗೆ! ವೈದ್ಯಕೀಯವಲ್ಲದ ಪದ ಬಳಸಿ ಗೊಂದಲ ಉಂಟುಮಾಡಿದ್ದೇಕೆ ಎಂದು. ಇಡೀ ಕಟ್ಟಡದಲ್ಲಿ ಸರಿಯಾಗಿ ಹೇಳಿದ್ದು ಒಬ್ಬರೇ, ತಪ್ಪಿತಸ್ಥರೂ ಅವರೊಬ್ಬರೇ. ಉಳಿದವರೆಲ್ಲ ನುಣ್ಣಗೆ ಜಾರಿಕೊಂಡಿದ್ದಾರೆ.

ಇನ್ನು ಮುಂದೆ ‘ಇದೆ’ ಅಥವಾ ‘ಇಲ್ಲ’ ಮಾತ್ರ ಹೇಳುತ್ತೇನೆ ಎಂಬ ಪತ್ರಕ್ಕೆ ಇಂದು ಸಂಜೆಯೊಳಗೆ ಸಹಿ ಹಾಕಬೇಕು. ಹಾಕದಿದ್ದರೆ ಬಟ್ಟೆ ಉಗ್ರಾಣಕ್ಕೆ ಎತ್ತಂಗಡಿ. ಸಹಿ ಹಾಕಿ ತೆಪ್ಪಗಿರು, ನಿವೃತ್ತಿಗೆ ಮೂರೇ ವರ್ಷ ಇದೆ ಎಂದು ಮನೆಯಲ್ಲಿ ಗಂಡ ಎರಡು ದಿನದಿಂದ ಗೋಗರೆಯುತ್ತಿದ್ದಾರೆ. ಇನ್ನೊಂದು ಚೌಕ ಸೇರಿಸಿ ಎಂದಷ್ಟೇ ಅಕ್ಕ ಮೂರು ಸಲ ಬರೆದು ಕೊಟ್ಟಿದ್ದಾರೆ. ಉತ್ತರವಿಲ್ಲ.

ಹುಡುಗಿಗೆ ಹೊಸ ಪಟ್ಟಿ ಕಟ್ಟಿ, ಗೊಂಬೆಗೂ ಒಂದು ಸುತ್ತಿ, ಅವರು ಮತ್ತೆ ನಲ್ಲಿಯತ್ತ ನಡೆಯುತ್ತಾರೆ. ಬಾಗಿಲಲ್ಲಿ ಮುಂದಿನ ಮಗು ಕಾಯುತ್ತಿದೆ. ಪತ್ರ ಮೇಜಿನ ಮೇಲೆ ಹಾಗೇ ಬಿದ್ದಿದೆ.

“ಉಗ್ರಾಣಕ್ಕೆ ಹಾಕ್ಲಿ, ಬಟ್ಟೆ ಮಡಚ್ಕೊಂಡಿರ್ತೀನಿ,” ಎನ್ನುತ್ತಾರೆ ಅಕ್ಕ. “ಆದ್ರೆ ಬೆರಳಿಗೆ ದೋರೆ ಅಂತ ಗೊತ್ತಾದ್ಮೇಲೆ, ಅದೇ ಬೆರಳಲ್ಲಿ ಇದೆ ಅಂತಲೋ ಇಲ್ಲ ಅಂತಲೋ ಹೇಗೆ ಬರೀಲಿ?”